ಮಲ್ಲಪಯ್ಯನ ಮನೆತನ: ಸಿರಿಯು ಓಲೆಗರಿಯಾದ ಬಗೆ

ಗದಗಿನ ಸಮೀಪದ ಲಕ್ಕುಂಡಿಗೆ ಹೋದವರು ಅಲ್ಲಿಯ ಬ್ರಹ್ಮಜಿನಾಲಯವನ್ನು ನೋಡದೆ ಮರಳುವುದು ವಿರಳ. ಅದನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ಕನ್ನಡಿಗರಿಗೆ ಚಿರಪರಿಚಿತ. ಆದರೆ ಆಕೆಯ ತಂದೆ ಮಲ್ಲಪಯ್ಯನನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಮಲ್ಲಪಯ್ಯನದು ವೆಂಗಿಮಂಡಲದ ಪುಂಗನೂರಿನ ಮನೆತನ. ತಂದೆ ನಾಗಮಯ್ಯ, ಸೋದರ ಪೊನ್ನಮಯ್ಯ, ಮಡದಿ ಅಪ್ಪಕಬ್ಬೆ. ರಾಷ್ಟ್ರಕೂಟರ ಆಳಿಕೆ ಕೊನೆಗೊಂಡು, ಕ್ರಿ.ಶ. 973ರಲ್ಲಿ ಚಾಲುಕ್ಯ ತೈಲಪನು ರಾಜ್ಯಕ್ಕೆ ಬಂದ ಸಂಧಿಕಾಲವದು. ಸೋದರರಿಬ್ಬರೂ ಕತ್ತಿ ಹಿಡಿದ ವೀರರೇ. ಪೊನ್ನಮಯ್ಯನು ಕಾವೇರಿತೀರದ ಕಾಳಗದಲ್ಲಿ ಮಡಿದನು. ಆದರೂ ಅವರ ಹೆಸರನ್ನು ಉಳಿಸಿದುದು ಯುದ್ಧವಲ್ಲ. ತಮ್ಮ ಗುರು ಜಿನಚಂದ್ರದೇವರ ಸ್ಮರಣೆಗಾಗಿ ಅವರು ಪೊನ್ನ ಕವಿಯಿಂದ ಬರೆಯಿಸಿದ ‘ಶಾಂತಿಪುರಾಣ’ವೇ ಅವರನ್ನು ಉಳಿಸಿತು.

ಮಲ್ಲಪಯ್ಯನು ಅತ್ತಿಮಬ್ಬೆ, ಗುಂಡಮಬ್ಬೆ ಎಂಬ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ತೈಲಪನ ಮಂತ್ರಿಯಾದ ದಲ್ಲಪನ ಮಗ ನಾಗದೇವನಿಗೆ ಕೊಟ್ಟು ವಿವಾಹ ಮಾಡಿದನು. ನಾಗದೇವನು ಅಕಾಲದಲ್ಲಿ ತೀರಿಕೊಂಡಾಗ ಗುಂಡಮಬ್ಬೆ ಚಿತೆಯೇರಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನ ಪಾಲನೆಯ ಹೊಣೆ ಹೊತ್ತು ಬದುಕಿದಳು. ಒಂದೇ ಮನೆಯಲ್ಲಿ ಬೆಳೆದ, ಒಂದೇ ದುಃಖವನ್ನು ಉಂಡ ಅಕ್ಕತಂಗಿಯರ ದಾರಿಗಳು ಇಲ್ಲಿ ಬೇರೆಯಾದವು.

ಬದುಕಿದವಳು ಮಾಡಿದ ಕಾರ್ಯವನ್ನು ನೋಡಬೇಕು. ಮುದ್ರಣವಿಲ್ಲದ ಕಾಲದಲ್ಲಿ ಒಂದು ಗ್ರಂಥದ ಆಯುಸ್ಸು ಓಲೆಗರಿಯ ಆಯುಸ್ಸಿನಷ್ಟೇ. ಗೆದ್ದಲು, ತೇವ, ಬೆಂಕಿ ಯಾವುದು ತಗುಲಿದರೂ ಅದು ಅಳಿದುಹೋಗುತ್ತಿತ್ತು. ಇದನ್ನರಿತ ಅತ್ತಿಮಬ್ಬೆ ತನ್ನ ತಂದೆ ಬರೆಯಿಸಿದ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಗೆ ಆಶ್ರಯವಿತ್ತು, 993ರಲ್ಲಿ ‘ಅಜಿತಪುರಾಣ’ವನ್ನು ಬರೆಯಿಸಿದಳು. ಈ ಮನೆತನದ ಕಥೆ ನಮಗೆ ತಿಳಿದಿರುವುದೂ ಬಹುಮಟ್ಟಿಗೆ ಆ ಕಾವ್ಯದಿಂದಲೇ. 1007ರ ಲಕ್ಕುಂಡಿಯ ಶಾಸನ ಆಕೆಯ ದಾನಗಳನ್ನು ಕೊಂಡಾಡುತ್ತದೆ.

ಗುಂಡಮಬ್ಬೆಯ ಸಹಗಮನವನ್ನು ಅಂದಿನವರು ಹೊಗಳಿದ್ದಾರೆ. ನಾವು ಹಾಗೆ ಹೊಗಳಲಾರೆವು. ಆ ಎಳೆಯ ಜೀವಕ್ಕಾಗಿ ಮರುಗುತ್ತೇವೆ. ಅಕ್ಕನಂತೆ ಆಕೆಯೂ ಬದುಕಿದ್ದರೆ ನಾಡಿಗೆ ಇನ್ನೇನು ದೊರೆಯುತ್ತಿತ್ತೋ, ಬಲ್ಲವರಾರು!

ಮಲ್ಲಪಯ್ಯನ ಪದವಿ ಅವನ ಕಾಲಕ್ಕೇ ಮುಗಿಯಿತು. ಅವನು ಗುರುಸ್ಮರಣೆಗೆಂದು ತೆಗೆದಿಟ್ಟ ಹೊನ್ನು ಮಾತ್ರ ಮಗಳ ಕೈಯಲ್ಲಿ ಸಾವಿರವಾಗಿ ಬೆಳೆದು ಇಂದಿಗೂ ಓದುಗರ ಮನೆ ಸೇರುತ್ತಿದೆ. ಮಕ್ಕಳಿಗೆ ಆಸ್ತಿಯನ್ನು ಬಿಟ್ಟುಹೋಗಬೇಕೆಂದು ಹಂಬಲಿಸುವ ನಾವು, ಕೊಡುವ ಗುಣವನ್ನೂ ಅವರಿಗೆ ಬಿಟ್ಟುಹೋಗುತ್ತಿರುವೆವೇ ಎಂದು ಕೇಳಿಕೊಳ್ಳಬೇಕಾಗಿದೆ.