ಹಿತ್ತಿಲ ಬಾನಿಯಲ್ಲೊಂದು ಕೊಳ

ಬೇಗೂರು ಸೀಮೆಯಲ್ಲಿ ನೀರಿನ ಮಾತು ಬಂದರೆ ಕೇಳಿಬರುವುದು ಎರಡೇ ಸಂಗತಿ: ಕಬಿನಿಯಿಂದ ಕೆರೆ ತುಂಬಿಸುವ ಕೆಲಸ, ಬೇಸಿಗೆಯಲ್ಲಿ ಬಂಡೀಪುರದ ಪ್ರಾಣಿಗಳಿಗೆ ಗುಂಡಿ ತುಂಬಿಸುವ ಕೆಲಸ. ಊರು, ಹೊಲಗಳಲ್ಲೇ ಬದುಕುವ ಕಪ್ಪೆ, ನೀರುಹುಳು, ಏರೋಪ್ಲೇನ್ ಚಿಟ್ಟೆಗಳ ಗೋಜಿಗೆ ಯಾರೂ ಹೋಗುವುದಿಲ್ಲ. ಘಟ್ಟದ ಮಳೆನೆರಳಿನ ಈ ನಾಡಿನಲ್ಲಿ ಅವುಗಳ ಮರಿಗಳಿಗೆ ಬೇಕಾದದ್ದು ಮೀನಿಲ್ಲದ, ಕೆಲವು ವಾರ ಬತ್ತದೆ ನಿಲ್ಲುವ ಸಣ್ಣ ನೀರು. ಮಳೆಗುಂಡಿಗಳಲ್ಲೇ ಬೆಳೆದು ಹಾರುವ ಹಳದಿ ಏರೋಪ್ಲೇನ್ ಚಿಟ್ಟೆ, ಪಂಟಾಲ, ಹಿಂದೂ ಮಹಾಸಾಗರ ದಾಟಿ ಆಫ್ರಿಕಾಕ್ಕೆ ವಲಸೆ ಹೋಗುತ್ತದೆ ಎನ್ನಲು ಮಾಲ್ಡೀವ್ಸ್‌ನಲ್ಲಿ ಸಿಕ್ಕ ಆಧಾರಗಳನ್ನು ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಪ್ರಕಟಿಸಿದರು. ಕೃಷಿ ಭಾಗ್ಯದ ಹೊಂಡಗಳು ಬೆಳೆಗೆ ಆಸರೆಯಾದವು, ನಿಜ. ಆದರೆ ಪ್ಲಾಸ್ಟಿಕ್ ಹಾಳೆ ಹಾಸಿದ ಜಾರು ದಡದಲ್ಲಿ ಗಿಡ ಬೇರೂರದು, ಬಿದ್ದ ಪ್ರಾಣಿಗೆ ಹತ್ತಿ ಬರುವುದೂ ಕಷ್ಟ. ಆ ಕೊರತೆಯನ್ನು ಹಿತ್ತಿಲಿನ ಹಳೆಯ ಕಲ್ಲುಬಾನಿ ಕೊಂಚವಾದರೂ ನೀಗಬಲ್ಲದು.

ಸೊಳ್ಳೆಯ ಗತಿಯೇನು ಎಂಬ ಆಕ್ಷೇಪ ಹಗುರವಾದದ್ದಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಎಡೆಗೊಡುವ ಹಳ್ಳಿಮನೆಗೂ 200 ರೂಪಾಯಿ ದಂಡ ಗೊತ್ತುಪಡಿಸಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೆಚ್ಚುವುದೂ ಮನೆಯ ಸುತ್ತಲಿನ ತೊಟ್ಟಿ, ಟೈರು, ಒಡೆದ ಮಡಕೆಗಳ ತಿಳಿನೀರನ್ನೇ. ಮೊಟ್ಟೆ ಸೊಳ್ಳೆಯಾಗಲು ಒಂದೂವರೆ ವಾರ ಸಾಕು. ಆದರೆ ಆ ಟೈರು, ಮಡಕೆಗಳಲ್ಲಿ ಲಾರ್ವಾಗಳನ್ನು ತಿನ್ನುವವರೇ ಇರುವುದಿಲ್ಲ ಎಂಬುದನ್ನು ಗಮನಿಸಬೇಕು. ಗಿಡ, ಕಲ್ಲು, ಕೆಸರು ಇರುವ ನೀರಿಗೆ ಏರೋಪ್ಲೇನ್ ಚಿಟ್ಟೆ ತಾನಾಗಿ ಬಂದು ಮೊಟ್ಟೆಯಿಡುತ್ತದೆ. ಅದರ ಮರಿಯೂ, ಬೆನ್ನಡಿಯಾಗಿ ಈಜುವ ನೀರುತಿಗಣೆಯೂ ಸೊಳ್ಳೆಮರಿಗಳನ್ನು ಹಿಡಿದು ತಿನ್ನುತ್ತವೆ. ಹಾಗಾಗಿ ಅಪಾಯವಿರುವುದು ಅರ್ಧಕ್ಕೇ ಬಿಟ್ಟ ಕೊಳದಲ್ಲಿ. ಅದನ್ನು ಪೂರ್ತಿಮಾಡುವುದೇ ಪರಿಹಾರ.

ಪೂರ್ತಿಮಾಡಲು ದೊಡ್ಡ ಖರ್ಚಿಲ್ಲ. ನೂರು ಲೀಟರಿಗೆ ಕಡಿಮೆಯಿಲ್ಲದ ಬಾನಿ ಅಥವಾ ಸಿಮೆಂಟ್ ತೊಟ್ಟಿಯನ್ನು ಮಧ್ಯಾಹ್ನದ ಬಿಸಿಲು ತಾಕದ ಕಡೆ ಇಡಬೇಕು. ಒಳಗೆ ಮೆಟ್ಟಿಲಂತೆ ಕಲ್ಲು ಜೋಡಿಸಿ, ಹೊರಗೂ ಹತ್ತುದಾರಿ ಮಾಡಬೇಕು. ಮಳೆನೀರು ಉತ್ತಮ, ಕ್ಲೋರಿನ್ ಹಾಕಿದ ನಲ್ಲಿನೀರಾದರೆ ಎರಡು ದಿನ ತೆರೆದಿಡಬೇಕು. ಗೊಬ್ಬರದ ಮಣ್ಣು ಹಾಕಿದರೆ ಪಾಚಿ ಕಟ್ಟುತ್ತದೆ. ಒಂದು ನೈದಿಲೆ, ಅಂಚಿಗೆ ಒಂದೆಲಗ ಸಾಕು. ಅಂತರಗಂಗೆ ಬೇಡವೇ ಬೇಡ: ಮ್ಯಾನ್ಸೋನಿಯಾ ಸೊಳ್ಳೆಯ ಮರಿಗಳು ಅದರ ಬೇರಿಗೆ ಕಚ್ಚಿಕೊಂಡು ಅಲ್ಲಿಂದಲೇ ಉಸಿರಾಡುತ್ತವೆ. ಔಷಧಿ ಹೊಡೆದ ಪಂಪು ತೊಳೆದ ನೀರು ಹತ್ತಿರವೂ ಸುಳಿಯಬಾರದು.

ಇಷ್ಟೆಲ್ಲ ಯಾಕೆ, ಗ್ಯಾಂಬೂಸಿಯಾ ಮೀನು ಬಿಟ್ಟರಾಯಿತಲ್ಲ ಎನ್ನುವವರಿದ್ದಾರೆ. 1928ರಲ್ಲಿ ಹೊರದೇಶದಿಂದ ಭಾರತಕ್ಕೆ ತಂದ ಈ ಮೀನು ಸೊಳ್ಳೆಮರಿಯ ಜೊತೆಗೆ ಕಪ್ಪೆಯ ಮೊಟ್ಟೆ, ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ಮುಚ್ಚಲಾಗದ ಬಾವಿಗೆ ಮೀನು ಸರಿಯಿರಬಹುದು. ನೀರಿನ ಮೇಲೆ ನೊರೆಗೂಡು ಕಟ್ಟುವ ಮರಗಪ್ಪೆಗಾಗಿ ಮಾಡಿದ ಕೊಳಕ್ಕೆ ಮೀನು ಬಿಟ್ಟರೆ ಮಾಡಿದ ಕೆಲಸವೇ ವ್ಯರ್ಥ. ನೀರುಹುಳುಗಳು ನೆಲೆಯೂರುವವರೆಗಿನ ಮೊದಲ ವಾರಗಳಲ್ಲಿ ಬಿಟಿಐ ಎಂಬ ಬ್ಯಾಕ್ಟೀರಿಯಾದ ಮದ್ದು ಬಳಸಬಹುದು. ಸೊಳ್ಳೆಮರಿಯನ್ನು ಕೊಲ್ಲುವ ಅದು ಗೊದಮೊಟ್ಟೆಗೆ ಕೇಡು ಮಾಡದು. ಈಡಿಸ್ ಮೊಟ್ಟೆಯಿಡುವುದು ನೀರಿನ ಗೆರೆಗಿಂತ ತುಸು ಮೇಲೆ, ಒದ್ದೆ ಗೋಡೆಯ ಮೇಲೆ; ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ಆದ್ದರಿಂದ ಅಂಚನ್ನು ವಾರಕ್ಕೊಮ್ಮೆ ಉಜ್ಜಬೇಕು, ಬಿಳಿ ಲೋಟದಲ್ಲಿ ನೀರೆತ್ತಿ ನೋಡಬೇಕು, ಮರಿ ಕಂಡರೆ ಜಾಲರಿಯಲ್ಲಿ ಸೋಸಬೇಕು.

ಬರದ ತಾಲ್ಲೂಕಿನಲ್ಲಿ ನೀರು ಪೋಲಲ್ಲವೇ ಎಂಬುದಕ್ಕೆ ಲೆಕ್ಕವೇ ಉತ್ತರ. ಎರಡು ಅಡಿ ಅಗಲದ ದುಂಡು ಬಾನಿಯಿಂದ ದಿನಕ್ಕೆ 6 ಮಿಲಿಮೀಟರ್ ಆವಿಯಾದರೂ ಹೋಗುವುದು ಎರಡು ಲೀಟರಿಗೂ ಕಡಿಮೆ. ಹಾವಿನ ಭಯ ಪೂರ್ತಿ ಸುಳ್ಳಲ್ಲ. ಕಪ್ಪೆಯಿದ್ದಲ್ಲಿಗೆ ಬರುವ ನೀರುಹಾವಿಗೆ ವಿಷವಿಲ್ಲದಿದ್ದರೂ, ಬೇರೆ ಹಾವೂ ಬರಬಹುದು. ಬಾನಿ ಬಾಗಿಲಿನಿಂದ ದೂರವಿರಲಿ, ಪಕ್ಕದಲ್ಲಿ ಸೌದೆರಾಶಿ ಬೇಡ. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಗಟ್ಟಿ ಕಬ್ಬಿಣದ ಜಾಲರಿ ಕಡ್ಡಾಯ. ಇಷ್ಟನ್ನು ಪಾಲಿಸುವ ಮನೆಗೆ ಆರೋಗ್ಯ ಕಾರ್ಯಕರ್ತರು ಬಂದರೆ, ನೀರು ಚೆಲ್ಲಿಸುವ ಮೊದಲು ಅದರಲ್ಲಿ ಸೊಳ್ಳೆಮರಿ ಇದೆಯೇ ಎಂದು ನೋಡಲಿ. ವಾರಕ್ಕೊಮ್ಮೆ ಬಾನಿಯೊಳಗೆ ಇಣುಕುವಷ್ಟೂ ಪುರಸೊತ್ತಿಲ್ಲದವರು ಮಾತ್ರ ಅದನ್ನು ಬೋರಲು ಹಾಕಿಡುವುದೇ ಮೇಲು.