ಟೊಮೆಟೊ ಧಾರಣೆ ಮತ್ತು ವಿವೇಚನೆಯ ಮಿತಿ

ಕೃಷ್ಣಗಿರಿ ಜಿಲ್ಲೆಯ ಉದ್ದನಪಲ್ಲಿ, ರಾಯಕೋಟೆ ಸುತ್ತಿನ ಟೊಮೆಟೊ ಬೆಳೆಗಾರರು ನೀರು, ಸಸಿ, ಕೂಲಿ, ಹಿಂದಿನ ಧಾರಣೆ ಎಲ್ಲವನ್ನೂ ಲೆಕ್ಕ ಹಾಕಿಯೇ ನಾಟಿ ಮಾಡುತ್ತಾರೆ. ಆದರೆ 2023ರ ಜುಲೈನಲ್ಲಿ ಕಿಲೋಗೆ 100 ರೂಪಾಯಿ ದಾಟಿದ್ದ ಚಿಲ್ಲರೆ ಬೆಲೆಯು, ಅದನ್ನು ನಂಬಿ ಹಲವೆಡೆ ನಾಟಿ ಹೆಚ್ಚಿ ಮಾರುಕಟ್ಟೆಗೆ ಮಾಲು ತುಂಬಿ ಬಂದಾಗ, ಸೆಪ್ಟೆಂಬರ್ ವೇಳೆಗೆ ಕುಸಿಯಿತು. ಒಬ್ಬೊಬ್ಬರ ಸರಿಯಾದ ತರ್ಕವೇ ಒಟ್ಟುಗೂಡಿ ಎಲ್ಲರ ನಷ್ಟವಾಯಿತು. ಮಾಹಿತಿ, ಸಮಯ, ಗ್ರಹಣಶಕ್ತಿಗಳ ಗಡಿಯೊಳಗೇ ನಡೆಯುವ ಇಂಥ ವಿವೇಚನೆಯನ್ನು 1978ರ ನೊಬೆಲ್ ಪುರಸ್ಕೃತ ಹರ್ಬರ್ಟ್ ಸೈಮನ್ ‘ಪರಿಮಿತ ವೈಚಾರಿಕತೆ’ ಎಂದು ನಿರೂಪಿಸಿದರು. ಈ ಮಿತಿ ಮನುಷ್ಯಬುದ್ಧಿಗೇ ಸಹಜವಾದುದರಿಂದ ರೈತನನ್ನು ಅವಿವೇಕಿ ಎನ್ನಲಾಗದು. ನೆರೆಹೊರೆಯ ನಾಟಿಯ ಮಾಹಿತಿ ಹಂಚಿಕೊಂಡು, ಬೆಳೆ ಬದಲಿಸಿ, ಲೆಕ್ಕ ತಪ್ಪಿದರೂ ಬದುಕು ಕುಸಿಯದಂತೆ ಯೋಜಿಸುವಲ್ಲಿ ವಿಚಾರಶಕ್ತಿಯು ಸಾರ್ಥಕವಾಗುತ್ತದೆ.