ಹಡಗು ಹತ್ತುವ ಮೊದಲು ಕಾಗದ ಓದಿ

ದಸರಾ ರಜೆ ಬಂತೆಂದರೆ ಹೊರಗಿನವರೆಲ್ಲ ಮೈಸೂರಿಗೆ ಬರುತ್ತಾರೆ, ಮೈಸೂರಿನಲ್ಲಿರುವ ನಾವು ಊರಿನ ಬಸ್ಸು ಹತ್ತುತ್ತೇವೆ. ಪುತ್ತೂರು, ಬಂಟ್ವಾಳ, ಉಳ್ಳಾಲ ಅಂತ ಹೋಗಿ ಕುಟುಂಬದವರನ್ನು ನೋಡಿ ಬಂದರೆ ರಜೆ ಮುಗಿಯಿತು. ಈಗ ಕೆಲವು ಮನೆಗಳಲ್ಲಿ ಬೇರೆ ಮಾತು ಕೇಳುತ್ತಿದೆ. ಮೊಬೈಲಿಗೆ ಒಂದು ಚಿತ್ರ ಬರುತ್ತದೆ. ನೀಲಿ ಸಮುದ್ರ, ಬಿಳಿ ಹಡಗು, ಕೆಳಗೆ ‘ನಾಲ್ಕು ರಾತ್ರಿ, ಐದು ಹಗಲು, ಊಟ ಸೇರಿ’ ಅಂತ ಒಂದು ರೇಟು. ಮಕ್ಕಳು ಕುಣಿಯುತ್ತಾರೆ. ಮಳೆಗಾಲ ಮುಗಿದ ಮೇಲೆ ಅರಬ್ಬಿ ಸಮುದ್ರದಲ್ಲಿ ಪ್ರವಾಸಿ ಹಡಗುಗಳು ಓಡುವ ಕಾಲವೂ ಇದೇ.

ಹಡಗು ನಮಗೆ ಹೊಸತಲ್ಲ. ಬ್ಯಾರಿಗಳ ವ್ಯಾಪಾರ ಬೆಳೆದದ್ದೇ ಸಮುದ್ರದ ದಾರಿಯಲ್ಲಿ. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿಗಳು ಅಕ್ಕಿ, ತರಕಾರಿ, ಕಲ್ಲು, ಜಲ್ಲಿ ಹೊತ್ತು ಹೋಗುವುದನ್ನು ನೋಡಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. 1956ರ ನವೆಂಬರ್ 1ರಂದು ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶವಾಗುವ ತನಕ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲಾತ್ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇನ್ನು ಹಜ್ಜಿನ ಹಡಗು. 1995ರವರೆಗೂ ಮುಂಬೈಯಿಂದ ಜಿದ್ದಾಕ್ಕೆ ‘ಅಕ್ಬರಿ’ ಹಡಗು ಹೋಗುತ್ತಿತ್ತು. ಅದರಲ್ಲಿ ಹೋಗಿ ಬಂದ ಹಾಜಿಗಳ ಕಥೆ ಕೇಳದ ಮನೆ ಕಡಿಮೆ.

ಆದರೆ ಸುಮ್ಮನೆ ನೋಡಿ ಬರಲಿಕ್ಕೆ ಅಂತ ದುಡ್ಡು ಕೊಟ್ಟು ಹಡಗು ಹತ್ತುವುದು ಹೊಸತು. ಹೊಸತು ಆದದ್ದರಿಂದ ನಾವು ಮೊದಲು ಹೋಗುವುದು ಗೊತ್ತಿರುವ ಏಜೆಂಟನ ಹತ್ತಿರ. ಗೊತ್ತಿರುವವರು ಅಂದರೆ ಉಮ್ರಾಕ್ಕೆ ಕರೆದುಕೊಂಡು ಹೋದವರು. ‘ನಮ್ಮವನೇ ಅಲ್ವಾ, ಇದನ್ನೂ ಮಾಡಿಕೊಡ್ತಾನೆ’ ಎಂಬ ಮಾತು. ಇಲ್ಲೇ ಸ್ವಲ್ಪ ನಿಂತು ಯೋಚನೆ ಮಾಡಬೇಕು.

ಉಮ್ರಾ ಬೇರೆ, ಹಡಗು ಬೇರೆ

ಉಮ್ರಾ ತಂಡದ ಜೊತೆ ಅಮೀರ್ ಇರುತ್ತಾರೆ. ಹೋಟೆಲಿನಲ್ಲಿ ಕೋಣೆ ಸಿಗಲಿಲ್ಲ, ಉಮ್ಮನಿಗೆ ಗಾಲಿಕುರ್ಚಿ ಬೇಕು, ಬಸ್ಸು ಬರಲಿಲ್ಲ ಅಂದರೆ ಅವರ ಕೈ ಹಿಡಿದು ಕೇಳಬಹುದು. ಹಡಗಿನ ಪ್ರವಾಸದಲ್ಲಿ ಏಜೆಂಟ್ ಸಾಮಾನ್ಯವಾಗಿ ಮೈಸೂರಿನಲ್ಲೇ ಉಳಿಯುತ್ತಾನೆ. ನಿಮ್ಮ ಜೊತೆ ಹಡಗು ಹತ್ತುವುದು ಅವನು ಕೊಟ್ಟ ಕಾಗದ ಮಾತ್ರ. ಕಾಗದದಲ್ಲಿ ಇಲ್ಲದ ಮಾತಿಗೆ ಬಂದರಿನ ಕೌಂಟರಿನಲ್ಲಿ ಬೆಲೆ ಇಲ್ಲ. ‘ಅವರು ಫೋನಿನಲ್ಲಿ ಹೇಳಿದ್ರು’ ಅಂದರೆ ಅಲ್ಲಿ ಯಾರೂ ಕೇಳುವುದಿಲ್ಲ. ಹಾಗಾಗಿ ಏಜೆಂಟ್ ಒಳ್ಳೆಯವನೋ ಅಲ್ಲವೋ ಎಂಬುದಕ್ಕೆ ಅವನ ಮಾತಿಗಿಂತ ಅವನ ಕಾಗದವೇ ಸಾಕ್ಷಿ.

ಮೊದಲು ಕೇಳಬೇಕಾದದ್ದು

ಹಡಗಿನ ಹೆಸರೇನು, ನಡೆಸುವ ಕಂಪನಿ ಯಾವುದು ಅಂತ ಕೇಳಿ. ‘ದೊಡ್ಡ ಹಡಗು’ ಎಂಬ ಉತ್ತರ ಸಾಲದು. ಉದಾಹರಣೆಗೆ ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’ 1990ರಲ್ಲಿ ಕಟ್ಟಿದ ಹಡಗು. 2021ರ ಸೆಪ್ಟೆಂಬರಿನಿಂದ ನಮ್ಮ ದೇಶದಲ್ಲಿ ಓಡುತ್ತಿದೆ. ಹೀಗೆ ಹೆಸರು ಗೊತ್ತಾದರೆ ಉಳಿದದ್ದನ್ನು ನಾವೇ ವಿಚಾರಿಸಬಹುದು. ಹಣ ಕಟ್ಟಿದ ಮೇಲೆ ಬುಕಿಂಗ್ ನಂಬರ್ ತೆಗೆದುಕೊಂಡು ಹಡಗಿನ ಕಂಪನಿಗೇ ಫೋನ್ ಮಾಡಿ, ನಿಮ್ಮ ಹೆಸರಿನಲ್ಲಿ ಬುಕಿಂಗ್ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಹೆಸರು ಆಧಾರ್ ಅಥವಾ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಇರಬೇಕು. ನಮ್ಮಲ್ಲಿ ಒಬ್ಬರ ಹೆಸರೇ ನಾಲ್ಕು ಕಡೆ ನಾಲ್ಕು ರೀತಿ ಇರುತ್ತದೆ. ಇದನ್ನು ಮೊದಲೇ ನೋಡುವ ಏಜೆಂಟ್ ಕೆಲಸ ಗೊತ್ತಿದ್ದವನು.

ಆಮೇಲೆ ಕ್ಯಾಬಿನ್. ಜಾಹೀರಾತಿನ ರೇಟು ಹೆಚ್ಚಾಗಿ ಒಳಗಿನ ಕ್ಯಾಬಿನ್ನಿನದ್ದು. ಅದಕ್ಕೆ ಕಿಟಕಿಯೇ ಇರುವುದಿಲ್ಲ. ಕಿಟಕಿ ಇರುವುದಕ್ಕೆ ಬೇರೆ ರೇಟು, ಬಾಲ್ಕನಿ ಇರುವುದಕ್ಕೆ ಇನ್ನೂ ಬೇರೆ. ಚಿತ್ರದಲ್ಲಿ ತೋರಿಸುವುದು ಮಾತ್ರ ಬಾಲ್ಕನಿ.

ಒಟ್ಟು ಖರ್ಚನ್ನು ಬರೆದು ಕೇಳಿ. ಬಂದರು ಶುಲ್ಕ, ಜಿಎಸ್‌ಟಿ, ಹಡಗಿನ ಸಿಬ್ಬಂದಿಯ ಟಿಪ್ಸ್, ದಡದಲ್ಲಿ ಸುತ್ತಾಡಿಸುವುದು, ಇಂಟರ್‌ನೆಟ್, ಇವು ರೇಟಿನ ಒಳಗೋ ಹೊರಗೋ? ಮೈಸೂರಿನಿಂದ ಬಂದರಿಗೆ ಹೋಗುವ ಖರ್ಚು, ಹಿಂದಿನ ರಾತ್ರಿ ಉಳಿಯುವ ಖರ್ಚು ಯಾರದ್ದು? ಏಜೆಂಟನಿಗೆ ಸಾಮಾನ್ಯವಾಗಿ ಕಮಿಷನ್ ಬರುವುದು ಕಂಪನಿಯಿಂದ. ಹಾಗಾಗಿ ಕಂಪನಿಯ ರೇಟಿಗೂ ಅವನ ರೇಟಿಗೂ ಬಹಳ ವ್ಯತ್ಯಾಸ ಇರಬಾರದು. ತೀರಾ ಕಡಿಮೆ ಹೇಳಿದರೆ ಖುಷಿ ಪಡುವುದಕ್ಕಿಂತ ಕಾರಣ ಕೇಳುವುದು ಒಳ್ಳೆಯದು.

ರದ್ದು ಮಾಡಿದರೆ ಎಷ್ಟು ಹಣ ವಾಪಸ್ ಎಂಬುದು ಇನ್ನೊಂದು ಪ್ರಶ್ನೆ. ಹೊರಡುವ ದಿನ ಹತ್ತಿರ ಬಂದ ಹಾಗೆ ಕಡಿತ ಜಾಸ್ತಿಯಾಗುತ್ತದೆ. ಮನೆಯಲ್ಲಿ ಕಾಯಿಲೆಯೋ ಮರಣವೋ ಆದರೆ ಏನು, ಹವಾಮಾನ ಕೆಟ್ಟು ಹಡಗು ದ್ವೀಪಕ್ಕೆ ಹೋಗದಿದ್ದರೆ ಏನು, ಎರಡನ್ನೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ದಾರಿ, ಪರವಾನಗಿ, ವೀಸಾ

ಹಡಗು ಯಾರಿಗೂ ಕಾಯುವುದಿಲ್ಲ. ಹೊರಡುವ ಕೆಲವು ಗಂಟೆ ಮೊದಲೇ ಒಳಗೆ ಬಿಡುವುದನ್ನು ನಿಲ್ಲಿಸುತ್ತಾರೆ. ಕೊಚ್ಚಿಗೆ ಕಾರಿನಲ್ಲಿ ಗುಂಡ್ಲುಪೇಟೆ, ಸುಲ್ತಾನ್ ಬತ್ತೇರಿ ದಾರಿಯಾಗಿ ಹೋಗುವವರು ನೆನಪಿಡಬೇಕು, ಬಂಡೀಪುರ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನ ಬಿಡುವುದಿಲ್ಲ. ‘ರಾತ್ರಿ ಹೊರಟರೆ ಬೆಳಿಗ್ಗೆ ತಲುಪ್ತೀರಿ’ ಅಂತ ಹೇಳುವ ಏಜೆಂಟನಿಗೆ ಈ ದಾರಿಯೇ ಗೊತ್ತಿಲ್ಲ. ಒಂದು ದಿನ ಮೊದಲೇ ಹೋಗಿ ಉಳಿಯುವುದು ಕ್ಷೇಮ.

ಲಕ್ಷದ್ವೀಪಕ್ಕೆ ಹೋಗಲಿಕ್ಕೆ ಅಲ್ಲಿಯವರಲ್ಲದ ಎಲ್ಲರಿಗೂ ಪ್ರವೇಶ ಪರವಾನಗಿ ಬೇಕು. 1967ರ ನಿಯಮ ಅದು. ಮಾಡಿಸುವವರು ಯಾರು, ಯಾವಾಗ ಕೈಗೆ ಬರುತ್ತದೆ ಅಂತ ಕೇಳಿ. ಸಿಂಗಾಪುರದಿಂದ ಹೊರಡುವ ಹಡಗಾದರೆ ಪಾಸ್‌ಪೋರ್ಟಿನ ಅವಧಿ ನೋಡಿ. ಹಡಗು ಬೇರೆ ದೇಶಕ್ಕೆ ಹೋಗಿ ಮತ್ತೆ ಸಿಂಗಾಪುರಕ್ಕೇ ಬರುತ್ತದೆ. ಒಂದೇ ಸಲ ಒಳಗೆ ಬಿಡುವ ವೀಸಾ ಇದಕ್ಕೆ ಸಾಲದು.

ಊಟ ಮತ್ತು ಮನೆಯ ಹಿರಿಯರು

‘ಹಲಾಲ್ ಇದೆ’ ಎಂಬ ಒಂದು ಮಾತಿಗೆ ತಲೆ ಅಲ್ಲಾಡಿಸಬೇಡಿ. ಪ್ರಮಾಣಪತ್ರ ಇದೆಯಾ, ಬೇರೆ ಅಡುಗೆಮನೆಯಾ ಅಂತ ಕೇಳಿ. ಸಿಂಗಾಪುರದಿಂದ ಹೋಗುವ ‘ಗೆಂಟಿಂಗ್ ಡ್ರೀಮ್’ನಂಥ ಹಡಗಿನಲ್ಲಿ ಹಲಾಲ್ ಪ್ರಮಾಣಪತ್ರದ ಅಡುಗೆ ಇದೆ. ಎಲ್ಲ ಹಡಗಿನಲ್ಲೂ ಇರುವುದಿಲ್ಲ. ಇಲ್ಲದಿದ್ದರೆ ಸಸ್ಯಾಹಾರ ಅಂತ ಮೊದಲೇ ಬರೆಸಬಹುದು. ಮೋಜಿನ ದೊಡ್ಡ ಹಡಗುಗಳಲ್ಲಿ ಹೆಚ್ಚಾಗಿ ಬಾರ್, ಕ್ಯಾಸಿನೊ ಇರುತ್ತದೆ. ನಿಮ್ಮ ಕ್ಯಾಬಿನ್, ಊಟದ ಹಾಲ್ ಅದರಿಂದ ಎಷ್ಟು ದೂರ ಎಂದು ನಕ್ಷೆ ತೋರಿಸಲಿಕ್ಕೆ ಹೇಳಿ.

ಲಕ್ಷದ್ವೀಪದ ಹೆಚ್ಚಿನ ಕಡೆ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ. ದೂರ ನಿಲ್ಲಿಸಿ ಸಣ್ಣ ದೋಣಿಗೆ ಇಳಿಸುತ್ತಾರೆ. ಮೊಣಕಾಲು ನೋವಿರುವ ಉಮ್ಮನನ್ನು ಅಲೆಯ ಮೇಲೆ ಕುಣಿಯುವ ದೋಣಿಗೆ ಇಳಿಸುವುದು ಸುಲಭದ ಮಾತಲ್ಲ. ಇನ್ನು ಗರ್ಭಿಣಿಯರನ್ನು 24 ವಾರದ ಮೇಲೆ ಹೆಚ್ಚಿನ ಕಂಪನಿಗಳು ಹತ್ತಿಸುವುದೇ ಇಲ್ಲ. ‘ಮನೆಯಲ್ಲಿ ಯಾರ್‍ಯಾರು ಬರ್ತಾರೆ, ವಯಸ್ಸೆಷ್ಟು, ಆರೋಗ್ಯ ಹೇಗಿದೆ’ ಅಂತ ರೇಟು ಹೇಳುವ ಮೊದಲು ಕೇಳುವ ಏಜೆಂಟ್ ಸಿಕ್ಕಿದರೆ ಅವನನ್ನು ಬಿಡಬೇಡಿ.

ಹಣ ಕೊಡುವಾಗ

ಹಣ ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆಗೆ ಹೋಗಲಿ, ಯಾರದ್ದೋ ಸ್ವಂತ ನಂಬರಿಗೆ ಬೇಡ. ಜಿಎಸ್‌ಟಿ ನಂಬರ್ ಇರುವ ಬಿಲ್ಲು ಕೇಳಿ. ವಿದೇಶ ಪ್ರವಾಸವಾದರೆ ಪ್ಯಾನ್ ಕೊಡಬೇಕು, ಟಿಸಿಎಸ್ ಎಂಬ ತೆರಿಗೆ ವಸೂಲಾಗುತ್ತದೆ. ಅದು ನಿಮ್ಮ ಹೆಸರಿಗೆ ಜಮೆಯಾದರೆ ಆದಾಯ ತೆರಿಗೆ ಲೆಕ್ಕದಲ್ಲಿ ಮತ್ತೆ ಸಿಗುತ್ತದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಮಾನ್ಯತೆ ಇದ್ದರೆ ಒಳ್ಳೆಯದೇ. ಅದು ಸ್ವಇಚ್ಛೆಯದ್ದು, ಇಲ್ಲದವರೆಲ್ಲ ಮೋಸಗಾರರು ಅಂತ ಅಲ್ಲ.

ಮೋಸವಾದರೆ ಸುಮ್ಮನೆ ಕೂರಬೇಡಿ. ಗ್ರಾಹಕ ಸಹಾಯವಾಣಿ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಏಜೆಂಟ್ ಎಲ್ಲಿಯವನಾದರೂ ನಾವಿರುವ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದ ಒಳಗೆ ಕೊಡಬೇಕು. ಆನ್‌ಲೈನಿನಲ್ಲಿ ಹಣ ಲಪಟಾಯಿಸಿದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ಅಲ್ಲೆಲ್ಲ ಮೊದಲು ಕೇಳುವುದು ರಶೀದಿ ಎಲ್ಲಿ ಅಂತಲೇ.

ಏಜೆಂಟ್ ಇಲ್ಲದ ದಾರಿ

ಮೊದಲ ಸಲ ಹೋಗುವವರು ಲಕ್ಷದ್ವೀಪ ಆಡಳಿತದ ‘ಸ್ಪೋರ್ಟ್ಸ್’ ಸಂಸ್ಥೆಯನ್ನು ನೇರವಾಗಿ ವಿಚಾರಿಸಬಹುದು. ಕೊಚ್ಚಿಯಿಂದ ಹೊರಡುವ ‘ಸಮುದ್ರಂ’ ಎಂಬ ಅವರ ಐದು ದಿನದ ಪ್ರವಾಸ ಬಹಳ ಜನರಿಗೆ ಗೊತ್ತಿರುವುದು. ರಾತ್ರಿ ಹಡಗಿನಲ್ಲಿ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ದ್ವೀಪಗಳಲ್ಲಿ. ಐಷಾರಾಮ ಕಡಿಮೆ. ಆದರೆ 2011ರ ಜನಗಣತಿಯಂತೆ ದ್ವೀಪದವರಲ್ಲಿ ನೂರಕ್ಕೆ 96ಕ್ಕಿಂತ ಹೆಚ್ಚು ಮುಸ್ಲಿಮರು, ಊಟಕ್ಕೆ ನಮಾಝಿಗೆ ಅಲ್ಲಿ ತೊಂದರೆ ಇಲ್ಲ. ಮಿನಿಕಾಯ್ ಬಿಟ್ಟು ಉಳಿದ ಕಡೆ ಆಡುವ ಮಲಯಾಳ ನಮ್ಮ ಬ್ಯಾರಿ ಭಾಷೆಯ ಕಿವಿಗೆ ಅಷ್ಟೇನೂ ದೂರವಲ್ಲ.

ನಾಚಿಕೆ ಯಾಕೆ?

ಇಷ್ಟೆಲ್ಲ ಕೇಳಲಿಕ್ಕೆ ನಮ್ಮವರಿಗೆ ಸಂಕೋಚ. ಒಂದೇ ಜಮಾಅತಿನವನು, ಮದುವೆಗೆ ಬಂದು ಊಟ ಮಾಡಿದವನು, ಅವನ ಹತ್ತಿರ ರಶೀದಿ ಕೇಳುವುದಾ ಅಂತ. ಆದರೆ ಕುರ್‌ಆನಿನ ಅತಿ ಉದ್ದದ ಆಯತ್ ಯಾವುದು? ಸೂರಾ ಅಲ್ ಬಖರದ 282ನೆಯದು. ಅದು ಹೇಳುವುದು ಸಾಲದ ವ್ಯವಹಾರವನ್ನು ಬರೆದಿಡುವ ವಿಷಯ, ಸಾಕ್ಷಿ ಇಡುವ ವಿಷಯ. ಬರೆದಿಡುವುದು ಅಪನಂಬಿಕೆ ಆಗಿದ್ದರೆ ಅಷ್ಟು ವಿವರವಾಗಿ ಹೇಳುವ ಅಗತ್ಯ ಇರಲಿಲ್ಲ. ಬರೆಯದೆ ಕೊಟ್ಟ ಹಣದಿಂದ ಹಾಳಾಗುವುದು ಹಣ ಮಾತ್ರ ಅಲ್ಲ. ಎರಡು ಮನೆಯವರು ಮಸೀದಿಯ ಮೆಟ್ಟಿಲಲ್ಲಿ ಮುಖ ತಿರುಗಿಸಿಕೊಂಡು ಹೋಗುವ ಹಾಗೆ ಆಗುತ್ತದೆ. ಪ್ರಾಮಾಣಿಕ ಏಜೆಂಟನನ್ನೂ ನಾಳೆ ಕಾಪಾಡುವುದು ಅದೇ ಕಾಗದ. ಹಡಗಿನವರು ಮಾಡಿದ ತಪ್ಪಿಗೆ ಅವನು ಬೈಸಿಕೊಳ್ಳಬೇಕಾಗಿ ಬರುವುದಿಲ್ಲ.

ಆದ್ದರಿಂದ ಒಂದು ಕೆಲಸ ಮಾಡಿ. ಏಜೆಂಟ್ ಕೊಟ್ಟ ಕಾಗದವನ್ನು ಹಣ ಕಟ್ಟುವ ಮೊದಲು ಮನೆಗೆ ತಂದು, ರಾತ್ರಿ ಊಟದ ನಂತರ ಎಲ್ಲರೆದುರು ಗಟ್ಟಿಯಾಗಿ ಓದಿ. ಉಮ್ಮ ಕೇಳುತ್ತಾರೆ, ‘ನಾನು ಮಲಗುವುದು ಎಲ್ಲಿ, ದೋಣಿಗೆ ಇಳಿಸುವುದು ಯಾರು?’ ಅದಕ್ಕೆ ಉತ್ತರ ಕಾಗದದಲ್ಲಿ ಸಿಕ್ಕಿದರೆ ಬಿಸ್ಮಿಲ್ಲಾ ಹೇಳಿ ಹಣ ಕಟ್ಟಿ. ಸಿಗದಿದ್ದರೆ ಮರುದಿನ ಅವರ ಪ್ರಶ್ನೆಯನ್ನೇ ಏಜೆಂಟನ ಅಂಗಡಿಗೆ ತೆಗೆದುಕೊಂಡು ಹೋಗಿ.